ಹುಟ್ಟುಗುಣದ ಲೆಕ್ಕ ಬರೆದ ಪ್ರೊಫೆಸರ್ ಹಾಲ್ಡೇನ್

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಅದರ ನೆರೆಯ ಇನ್ನೊಂದು ಗಾದೆ. ಮನೆಯ ಮಗು ಹಠ ಹಿಡಿದರೆ ಅಜ್ಜನ ಹಠವೇ ಬಂದಿದೆಯೆನ್ನುತ್ತೇವೆ. ಇಂಪಾಗಿ ಹಾಡಿದರೆ ಅತ್ತೆಯ ಕಂಠವೆನ್ನುತ್ತೇವೆ. ಇವು ಪ್ರೀತಿಯ ಮಾತುಗಳು. ಆದರೆ ಗಣಿತದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಆ ವಿದ್ಯೆ ಅವನ ರಕ್ತದಲ್ಲಿಯೇ ಇಲ್ಲವೆಂದು ಹೇಳಿದಾಗ ಅದೇ ಮಾತು ತೀರ್ಪಾಗಿ ಬಿಡುತ್ತದೆ. ಒಂದು ಕುಲದವರು ಹುಟ್ಟಿನಿಂದಲೇ ಜಾಣರು, ಇನ್ನೊಂದು ಕುಲದವರು ಹುಟ್ಟಿನಿಂದಲೇ ಮಂದರು ಎಂಬಲ್ಲಿಗೆ ಅದು ಬೆಳೆದಾಗ ಅನ್ಯಾಯವಾಗುತ್ತದೆ. ಹಾಗಾದರೆ ಮನುಷ್ಯನ ಸ್ವಭಾವದಲ್ಲಿ ಹುಟ್ಟಿನ ಪಾಲೆಷ್ಟು, ಬಾಳಿನ ಪಾಲೆಷ್ಟು? ಈ ಪ್ರಶ್ನೆಗೆ ಆವೇಶದಿಂದಲ್ಲದೆ ಲೆಕ್ಕದಿಂದ ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯರು ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ ಕಣ್ಮುಚ್ಚಿದ ಈ ಮಹನೀಯರ ಚರಿತ್ರೆಯನ್ನು ನಮ್ಮ ಕಿರಿಯ ಮಿತ್ರರಿಗೆ ಸಂಗ್ರಹವಾಗಿ ತಿಳಿಸುವುದೇ ಈ ಬರಹದ ಉದ್ದೇಶ.

ಹಾಲ್ಡೇನರು 1892ನೆಯ ಇಸವಿ ನವೆಂಬರ್ 5ರಂದು ಆಕ್ಸ್‌ಫರ್ಡ್ ನಗರದಲ್ಲಿ ಜನಿಸಿದರು. ಅವರದು ಸ್ಕಾಟ್ಲೆಂಡಿನ ಪ್ರತಿಷ್ಠಿತ ಮನೆತನ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ರಹಸ್ಯವನ್ನು ಬಿಡಿಸಿದ ಶರೀರಶಾಸ್ತ್ರಜ್ಞರು. ದೊಡ್ಡಪ್ಪ ರಿಚರ್ಡ್ ಹಾಲ್ಡೇನ್ ಬ್ರಿಟನ್ನಿನ ಯುದ್ಧಮಂತ್ರಿಯಾಗಿ, ಮುಂದೆ ಲಾರ್ಡ್ ಛಾನ್ಸಲರ್ ಆಗಿ ಹೆಸರಾದವರು. ತಂಗಿ ನವೋಮಿ ಮುಂದೆ ಪ್ರಸಿದ್ಧ ಕಾದಂಬರಿಕಾರ್ತಿಯಾದರು. ಇಂಥ ಮನೆಯಲ್ಲಿ ಹುಟ್ಟಿದವನು ಮೇಧಾವಿಯಾದುದರಲ್ಲಿ ಆಶ್ಚರ್ಯವೇನು, ಎಲ್ಲವೂ ವಂಶದ ಮಹಿಮೆ ಎಂದು ಯಾರಾದರೂ ಹೇಳಬಹುದು. ಆದರೆ ಆ ಮನೆಯಲ್ಲಿ ವಂಶವೊಂದೇ ಇರಲಿಲ್ಲ. ಪ್ರಯೋಗಶಾಲೆಯೂ ಇತ್ತು, ಪುಸ್ತಕಗಳೂ ಇದ್ದವು, ಮಗನನ್ನು ತನ್ನ ಕೆಲಸದಲ್ಲಿ ಜೊತೆಗಾರನನ್ನಾಗಿ ಕಂಡ ತಂದೆಯೂ ಇದ್ದರು.

ತಂದೆಯವರು ಕಲ್ಲಿದ್ದಲ ಗಣಿಗಳಲ್ಲಿ ಕಾರ್ಮಿಕರನ್ನು ಕೊಲ್ಲುತ್ತಿದ್ದ ವಿಷವಾಯುಗಳನ್ನು ಪರೀಕ್ಷಿಸುತ್ತಿದ್ದರು. ಎಳೆಯ ಮಗನನ್ನೂ ತಮ್ಮೊಡನೆ ಗಣಿಗೆ ಇಳಿಸುತ್ತಿದ್ದರು. ಒಮ್ಮೆ ಸುರಂಗವೊಂದರಲ್ಲಿ ಮಗನನ್ನು ನೆಟ್ಟಗೆ ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದಲ್ಲಿ ಬರುವ ಮಾರ್ಕ್ ಆಂಟನಿಯ ಭಾಷಣವನ್ನು ಗಟ್ಟಿಯಾಗಿ ಹೇಳೆಂದರು. ಹುಡುಗನು ಹೇಳತೊಡಗಿದನು. ಕೆಲವೇ ಸಾಲುಗಳಾಗುವಷ್ಟರಲ್ಲಿ ಉಸಿರು ಕಟ್ಟಿತು, ಕಾಲು ಕುಸಿಯಿತು, ಅವನು ನೆಲಕ್ಕೆ ಬಿದ್ದನು. ನೆಲದ ಬಳಿ ಗಾಳಿ ಶುದ್ಧವಾಗಿದ್ದುದರಿಂದ ಬೇಗನೆ ಚೇತರಿಸಿಕೊಂಡನು. ಮೀಥೇನ್ ಅನಿಲವು ಗಾಳಿಗಿಂತ ಹಗುರವಾದುದರಿಂದ ಸುರಂಗದ ಮೇಲ್ಭಾಗದಲ್ಲಿ ಸೇರಿರುತ್ತದೆಂಬ ಪಾಠವನ್ನು ಅವನು ಜನ್ಮದಲ್ಲಿ ಮರೆಯುವಂತಿರಲಿಲ್ಲ. ಮುಂದೆ ಹಾಲ್ಡೇನರು ತೋರಿದ ಎದೆಗಾರಿಕೆಯು ಲೋಕಪ್ರಸಿದ್ಧವಾಯಿತು. ಅದು ತಂದೆಯ ರಕ್ತದಿಂದ ಬಂದುದೇ, ತಂದೆಯ ಶಿಕ್ಷಣದಿಂದ ಬಂದುದೇ? ಇಲ್ಲಿ ರಕ್ತವನ್ನು ಕೊಟ್ಟ ಕೈಯೂ ಶಿಕ್ಷಣವನ್ನು ಕೊಟ್ಟ ಕೈಯೂ ಒಂದೇ ಆಗಿರುವುದರಿಂದ ಎರಡನ್ನೂ ಬೇರ್ಪಡಿಸಲಾಗದು. ಎಲ್ಲ ಮನೆಗಳಲ್ಲಿಯೂ ಇರುವ ತೊಡಕು ಇದೇ. ಈ ತೊಡಕನ್ನು ಮರೆತು ಆಡುವ ಮಾತೇ ನಮ್ಮ ಗಾದೆಗಳ ದೌರ್ಬಲ್ಯ.

1901ರಲ್ಲಿ, ಹುಡುಗನಿಗೆ ಎಂಟು ವರ್ಷವಾಗಿದ್ದಾಗ, ತಂದೆಯವರು ಅವನನ್ನು ಒಂದು ಉಪನ್ಯಾಸಕ್ಕೆ ಕರೆದೊಯ್ದರು. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ 1866ರಲ್ಲಿ ಪ್ರಕಟಿಸಿದ್ದ ಆನುವಂಶಿಕತೆಯ ನಿಯಮಗಳು ಮೂವತ್ತನಾಲ್ಕು ವರ್ಷ ಯಾರ ಗಮನಕ್ಕೂ ಬಾರದೆ, 1900ರಲ್ಲಿ ಮತ್ತೆ ಬೆಳಕು ಕಂಡಿದ್ದವು. ಉಪನ್ಯಾಸದ ವಿಷಯ ಅದೇ. ತಂದೆಯ ಗುಣವೂ ತಾಯಿಯ ಗುಣವೂ ಹಾಲುನೀರಿನಂತೆ ಬೆರೆತುಹೋಗುವುದಿಲ್ಲ. ಒಂದೊಂದು ಗುಣಕ್ಕೂ ಕಾರಣವಾದ ಕಣಗಳು ಜೋಡಿಜೋಡಿಯಾಗಿದ್ದು, ಜೋಡಿಯಲ್ಲಿ ಒಂದು ಮಾತ್ರ ಮಗುವಿಗೆ ದಾಟುತ್ತದೆ ಎಂಬುದು ಮೆಂಡೆಲನ ಸಾರ. ಆ ಕಣಗಳನ್ನೇ ಇಂದು ನಾವು ಜೀನುಗಳು ಅಥವಾ ವಂಶವಾಹಿಗಳು ಎನ್ನುತ್ತೇವೆ. ಒಂದು ಜೀನು ಮರೆಯಲ್ಲಿಯೇ ಉಳಿದು, ಮೊಮ್ಮಗನಲ್ಲಿ ಮತ್ತೆ ತಲೆಯೆತ್ತುವುದುಂಟು. ಅಜ್ಜನ ಗುಣ ಮೊಮ್ಮಗನಿಗೆ ಬಂತೆಂಬ ಮಾತಿಗೆ ಇಷ್ಟರಮಟ್ಟಿಗೆ ಆಧಾರವುಂಟು.

ಅಣ್ಣತಂಗಿಯರಿಬ್ಬರೂ ಮನೆಯ ತೋಟದಲ್ಲಿ ಗಿನಿ ಇಲಿಗಳನ್ನು ನೂರಾರು ಸಂಖ್ಯೆಯಲ್ಲಿ ಸಾಕಿ, ಮರಿಗಳ ಬಣ್ಣವನ್ನು ಲೆಕ್ಕ ಬರೆದಿಡತೊಡಗಿದರು. ಅನಂತರ ಸುಂಡಿಲಿಗಳ ಮೇಲೂ ಇದೇ ಕೆಲಸ ನಡೆಯಿತು. ಕೆಲವು ಗುಣಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆಂಬುದನ್ನು ಅವರೂ ಅವರ ಮಿತ್ರ ಸ್ಪ್ರಂಟರೂ ಕಂಡುಕೊಂಡರು. ಆ ಪ್ರಬಂಧವು 1915ರಲ್ಲಿ ಅಚ್ಚಾಗುವ ವೇಳೆಗೆ ಮೊದಲನೆಯ ಮಹಾಯುದ್ಧವು ಸ್ಪ್ರಂಟರನ್ನು ಬಲಿ ತೆಗೆದುಕೊಂಡಿತ್ತು. ಹಾಲ್ಡೇನರು ಸ್ವತಃ ಫ್ರಾನ್ಸಿನ ಕಂದಕಗಳಲ್ಲಿದ್ದರು. ವಿಶ್ವವಿದ್ಯಾನಿಲಯದಲ್ಲಿ ಅವರು ಓದಿದ್ದು ಗಣಿತ, ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ, ತತ್ತ್ವಶಾಸ್ತ್ರ. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲವೆಂಬುದು ಪರೀಕ್ಷೆಯ ಅಂಕಗಳನ್ನೇ ಸರ್ವಸ್ವವೆಂದು ನಂಬಿದವರು ಗಮನಿಸಬೇಕಾದ ವಿಷಯ.

ಯುದ್ಧದಲ್ಲಿ ಹಾಲ್ಡೇನರು ಬಾಂಬು ಎಸೆಯುವ ತುಕಡಿಯ ನಾಯಕರಾಗಿದ್ದರು. ಅವರ ಭಯರಾಹಿತ್ಯವನ್ನು ಕಂಡು ಜೊತೆಯವರೇ ಬೆರಗಾಗುತ್ತಿದ್ದರು. ಎರಡು ಬಾರಿ ಗಾಯಗೊಂಡರು. ಎರಡನೆಯ ಗಾಯವು ಮೆಸಪೊಟೇಮಿಯಾದಲ್ಲಿ ಆದುದು; ಚಿಕಿತ್ಸೆಗಾಗಿ ಅವರನ್ನು ಭಾರತಕ್ಕೆ ಕಳುಹಿಸಿದರು. ಆಳುವವರ ಸೈನ್ಯದ ಅಧಿಕಾರಿಯಾಗಿ ಬಂದ ಅವರಿಗೆ ಈ ದೇಶವು ಮೆಚ್ಚಿಕೆಯಾಯಿತು. ಮತ್ತೆ ಬರುವುದಾದರೆ ಇಲ್ಲಿನವರೊಡನೆ ಸಮಾನನಾಗಿ ಬಾಳಲು ಸಾಧ್ಯವಾಗುವಾಗಲೇ ಬರಬೇಕೆಂದು ಅವರು ನಿಶ್ಚಯಿಸಿದರು. ಆ ನಿಶ್ಚಯವು ಫಲಿಸಲು ನಲವತ್ತು ವರ್ಷ ಹಿಡಿಯಿತು.

ಯುದ್ಧಾನಂತರ ಆಕ್ಸ್‌ಫರ್ಡ್, 1923ರಿಂದ ಕೇಂಬ್ರಿಜ್, 1933ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್, ಹೀಗೆ ಅವರ ಅಧ್ಯಾಪನ ಸಾಗಿತು. 1924ರಿಂದ ಹತ್ತು ವರ್ಷಗಳ ಕಾಲ ಅವರು ಬರೆದ ಪ್ರಬಂಧಮಾಲೆಯು ಡಾರ್ವಿನ್ನನ ವಿಕಾಸವಾದವನ್ನೂ ಮೆಂಡೆಲನ ನಿಯಮಗಳನ್ನೂ ಗಣಿತದ ದಾರದಿಂದ ಹೊಲಿದು ಒಂದಾಗಿಸಿತು. ಫಿಷರ್, ರೈಟ್ ಎಂಬ ಇನ್ನಿಬ್ಬರೊಡನೆ ಈ ಶಾಸ್ತ್ರದ ಸ್ಥಾಪಕರೆಂದು ಅವರನ್ನು ಲೋಕವು ಗೌರವಿಸುತ್ತದೆ. ಮನುಷ್ಯನಲ್ಲಿ ಹೊಸ ಜೀನ್‌ದೋಷವು ಎಷ್ಟು ಅಪರೂಪಕ್ಕೆ ಹುಟ್ಟುತ್ತದೆಂಬುದನ್ನು, ರಕ್ತ ಹೆಪ್ಪುಗಟ್ಟದ ಹೀಮೊಫೀಲಿಯಾ ರೋಗದ ವಂಶಾವಳಿಗಳಿಂದ 1935ರಲ್ಲಿ ಲೆಕ್ಕ ಹಾಕಿದರು. ಆ ರೋಗದ ಜೀನೂ ಬಣ್ಣಗುರುಡಿನ ಜೀನೂ ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಕುಳಿತಿವೆಯೆಂಬುದನ್ನು 1937ರಲ್ಲಿ ಜೂಲಿಯಾ ಬೆಲ್ ಅವರೊಡನೆ ತೋರಿಸಿದರು.

ಜೀನುಗಳು ಬರೆದಿಟ್ಟ ಓಲೆಗಳಾದರೆ, ಆ ಓಲೆಗಳಲ್ಲಿದ್ದುದನ್ನು ದೇಹದ ಮೂಲೆಮೂಲೆಗೆ ಸಾರುವ ದೂತರೂ ಬೇಕು. ಆ ದೂತರೇ ಹಾರ್ಮೋನುಗಳು. ಹಾಲ್ಡೇನರು ಪ್ರಾಧ್ಯಾಪಕರಾದ ಯೂನಿವರ್ಸಿಟಿ ಕಾಲೇಜಿನಲ್ಲಿಯೇ, ಅವರು ಬರುವುದಕ್ಕೆ ಬಹಳ ಮುಂಚೆ, 1902ರಲ್ಲಿ, ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಕರುಳಿನ ಗೋಡೆಯಿಂದ ಹೊರಟ ಒಂದು ರಸವು ರಕ್ತದ ಮೂಲಕ ಸಾಗಿ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವುದನ್ನು ಕಂಡಿದ್ದರು. 1905ರಲ್ಲಿ ಸ್ಟಾರ್ಲಿಂಗರು ಇಂಥ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. ಪರೀಕ್ಷೆಯ ಪ್ರಶ್ನಪತ್ರಿಕೆ ಕೈಗೆ ಬರುವ ಮುನ್ನ ನಮ್ಮ ಎದೆ ಡವಗುಟ್ಟುವುದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಕೆಲಸ. ಹರೆಯದಲ್ಲಿ ದನಿ ಒಡೆಯುವುದು, ಸಣ್ಣ ಮಾತಿಗೂ ಮನಸ್ಸು ಕೆರಳುವುದು, ಗೆಳೆಯರ ಮೆಚ್ಚಿಕೆಯೇ ದೊಡ್ಡದೆನಿಸುವುದು, ಇವುಗಳ ಹಿಂದೆಯೂ ಇಂಥ ರಸಗಳ ಕೈವಾಡವುಂಟು.

ಆದರೆ ಹಾರ್ಮೋನು ಒಮ್ಮುಖದ ಒಡೆಯನಲ್ಲ. ಕೆಲವು ಹಾರ್ಮೋನುಗಳು ಜೀವಕೋಶದ ಒಳಹೊಕ್ಕು ಮಲಗಿದ ಜೀನುಗಳನ್ನು ಎಬ್ಬಿಸುತ್ತವೆ. ಆ ಹಾರ್ಮೋನುಗಳು ತಯಾರಾಗುವುದೂ ಜೀನುಗಳ ಆಜ್ಞೆಯಿಂದಲೇ. ಅವು ಯಾವಾಗ ಎಷ್ಟು ಸುರಿಯಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಹೊರಗಿನ ಬದುಕಿಗೂ ಪಾಲುಂಟು. ಪಂದ್ಯದಲ್ಲಿ ಗೆದ್ದವರಲ್ಲಿಯೂ ಸೋತವರಲ್ಲಿಯೂ ಹಾರ್ಮೋನಿನ ಮಟ್ಟವು ಬೇರೆಬೇರೆಯಾಗುವುದನ್ನು ಇಂದಿನ ವಿಜ್ಞಾನಿಗಳು ಅನೇಕ ವೇಳೆ ಕಂಡಿದ್ದಾರೆ. ಸ್ವಭಾವದಿಂದ ನಡತೆ ಹುಟ್ಟುವಂತೆ ನಡತೆಯಿಂದಲೂ ಸ್ವಭಾವವು ರೂಪುಗೊಳ್ಳುತ್ತದೆ. ರಕ್ತದ ರಸಾಯನವು ಮನಸ್ಸನ್ನು ಆಡಿಸುವುದನ್ನು ಹಾಲ್ಡೇನರು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮುಳುಗಿದ ಜಲಾಂತರ್ನೌಕೆಯಿಂದ ನಾವಿಕರು ಪಾರಾಗುವ ಬಗೆಯನ್ನು ತಿಳಿಯಲು, ಅವರೂ ಅವರ ಸಂಗಡಿಗರೂ ಉಕ್ಕಿನ ಕೋಣೆಯೊಳಗೆ ಕುಳಿತು ಗಾಳಿಯ ಒತ್ತಡವನ್ನು ಹತ್ತು ಪಟ್ಟಿಗೆ ಏರಿಸಿಕೊಂಡರು. ಆಗ ಧೀಮಂತರೂ ಸಣ್ಣ ಕೂಡುಲೆಕ್ಕಗಳಲ್ಲಿ ತಪ್ಪಿದರು; ಗಂಭೀರರೂ ಅಮಲೇರಿದವರಂತೆ ವರ್ತಿಸಿದರು. ಒತ್ತಡದಲ್ಲಿ ನರಗಳಿಗೆ ಸೇರಿದ ಸಾರಜನಕವೇ ಅದಕ್ಕೆ ಕಾರಣ. ಇಂಥ ಪ್ರಯೋಗಗಳಲ್ಲಿ ಹಾಲ್ಡೇನರ ಕಿವಿಯ ತಮಟೆ ಹರಿಯಿತು. ಸೆಳವು ಬಂದು ಬೆನ್ನುಮೂಳೆಗೂ ಪೆಟ್ಟಾಯಿತು. ಇತರರನ್ನು ಅಪಾಯಕ್ಕೆ ಒಡ್ಡುವ ಮೊದಲು ತನ್ನನ್ನು ಒಡ್ಡಿಕೊಳ್ಳಬೇಕೆಂಬುದು ಗಣಿಯಲ್ಲಿ ತಂದೆಯಿಂದ ಕಲಿತ ಧರ್ಮ.

ಅವರು ಅತ್ಯಂತ ದಿಟ್ಟವಾಗಿ ನಡೆಸಿದ ಹೋರಾಟ ಬೇರೊಂದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಯುಜೆನಿಕ್ಸ್ ಎಂಬ ವಾದವು ಯೂರೋಪು ಅಮೆರಿಕಗಳಲ್ಲಿ ಹಬ್ಬಿತ್ತು. ಬಡತನ, ಮಂದಬುದ್ಧಿ, ಅಪರಾಧ ಇವೆಲ್ಲವೂ ಹುಟ್ಟಿನಿಂದ ಬಂದವು. ಆದ್ದರಿಂದ ಅಂಥವರಿಗೆ ಮಕ್ಕಳಾಗದಂತೆ ಮಾಡಿದರೆ ಜನಾಂಗವು ಶುದ್ಧವಾಗುವುದೆಂದು ಅದರ ಪ್ರಚಾರಕರು ನಂಬಿಸಿದರು. ಜರ್ಮನಿಯ ನಾಜಿ ಸರ್ಕಾರವು 1933ರಲ್ಲಿ ಇದನ್ನೇ ಕಾನೂನಾಗಿ ಮಾಡಿತು. ಸುಮಾರು ನಾಲ್ಕು ಲಕ್ಷ ಜನರನ್ನು ಬಲಾತ್ಕಾರವಾಗಿ ಸಂತಾನಹೀನರನ್ನಾಗಿ ಮಾಡಲಾಯಿತು. ಹಾಲ್ಡೇನರು ಜರ್ಮನಿಯಿಂದ ಹೊರದೂಡಲ್ಪಟ್ಟ ವಿಜ್ಞಾನಿಗಳಿಗೆ ತಮ್ಮ ವಿಭಾಗದಲ್ಲಿ ನೆಲೆ ಕೊಟ್ಟರು. 1938ರಲ್ಲಿ ಆನುವಂಶಿಕತೆ ಮತ್ತು ರಾಜಕೀಯವೆಂಬ ವಿಷಯದ ಮೇಲೆ ಪುಸ್ತಕ ಬರೆದು ಈ ವಾದದ ಬುಡಕ್ಕೇ ಕೊಡಲಿಯಿಟ್ಟರು.

ಅವರ ಗಣಿತದ ಬಲವನ್ನು ನಾವೂ ಕೂಡಿಸಿ ನೋಡಬಹುದು. ಹತ್ತು ಸಾವಿರ ಜನರಲ್ಲಿ ಒಬ್ಬನಿಗೆ ಬರುವ ಒಂದು ಹುಟ್ಟುರೋಗವಿದೆಯೆಂದು ಇಟ್ಟುಕೊಳ್ಳೋಣ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನು ಬಂದರೆ ಮಾತ್ರ ಅದು ಪ್ರಕಟವಾಗುವಂಥದು. ಆಗ ಆ ಜೀನನ್ನು ಮರೆಯಾಗಿ ಹೊತ್ತು, ತಾವು ಮಾತ್ರ ಆರೋಗ್ಯವಾಗಿರುವವರು ಐವತ್ತು ಜನರಲ್ಲಿ ಒಬ್ಬರಿರುತ್ತಾರೆ. ರೋಗಿಗಳೆಲ್ಲರಿಗೂ ಸಂತಾನವನ್ನು ತಡೆದರೂ, ಆ ರೋಗವು ಅರ್ಧಕ್ಕೆ ಇಳಿಯಲು ಸುಮಾರು 41 ತಲೆಮಾರುಗಳು, ಅಂದರೆ ಸಾವಿರ ವರ್ಷಗಳು, ಬೇಕಾಗುತ್ತವೆ. ಸಾವಿರ ವರ್ಷದ ಕ್ರೌರ್ಯಕ್ಕೆ ಇಷ್ಟೇ ಫಲ. ಅನ್ಯಾಯವೆಂದು ಕೂಗಿದವರು ಅನೇಕರಿದ್ದರು. ಅದು ಅನ್ಯಾಯವಷ್ಟೇ ಅಲ್ಲದೆ ಲೆಕ್ಕದಲ್ಲಿಯೂ ತಪ್ಪು ಎಂದು ತೋರಿಸಿದ್ದು ಹಾಲ್ಡೇನರಂಥವರ ಹಿರಿಮೆ.

ಉತ್ತಮ ಜೀನು, ಅಧಮ ಜೀನು ಎಂಬ ಮಾತಿಗೇ ಅರ್ಥವಿಲ್ಲವೆಂಬುದನ್ನು ಅವರು ಹಸುಗಳ ಉದಾಹರಣೆಯಿಂದ ವಿವರಿಸುತ್ತಿದ್ದರು. ಸೊಂಪಾದ ಹುಲ್ಲುಗಾವಲಿನಲ್ಲಿ ಜರ್ಸಿ ಹಸುವು ಸ್ಕಾಟ್ಲೆಂಡಿನ ಗುಡ್ಡದ ಹಸುವಿಗಿಂತ ಹೆಚ್ಚು ಹಾಲು ಕೊಡುತ್ತದೆ. ಚಳಿಗಾಳಿಯ ಬರಡು ಗುಡ್ಡದಲ್ಲಿ ಜರ್ಸಿಯು ಬದುಕುವುದೇ ಕಷ್ಟ, ಗುಡ್ಡದ ಹಸುವು ಅಲ್ಲಿಯೂ ತಕ್ಕಮಟ್ಟಿಗೆ ಹಾಲೀಯುತ್ತದೆ. ನಮ್ಮ ಹಳ್ಳಿಕಾರ್ ತಳಿಯ ಎತ್ತುಗಳನ್ನು ನೆನೆದರೆ ಈ ಮಾತು ಇನ್ನೂ ಹತ್ತಿರವಾಗುತ್ತದೆ. ಬಿಸಿಲಿನಲ್ಲಿ ಉಳುವುದಕ್ಕೆ ಅವು, ಕೊಟ್ಟಿಗೆಯಲ್ಲಿ ಹಾಲಿಗೆ ಬೇರೆಯವು. ಯಾವುದು ಮೇಲೆಂದು ಕೇಳುವ ಮುನ್ನ ಎಲ್ಲಿ, ಯಾವುದಕ್ಕೆ ಎಂದು ಕೇಳಬೇಕು. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ.

ಇದಕ್ಕೆ ಇನ್ನೂ ಪ್ರಬಲವಾದ ಪ್ರಮಾಣವು ವೈದ್ಯಶಾಸ್ತ್ರದಲ್ಲಿ ದೊರೆತಿದೆ. ಫಿನೈಲ್‌ಕೀಟೊನ್ಯೂರಿಯಾ ಎಂಬುದೊಂದು ಹುಟ್ಟುದೋಷ. ಇದನ್ನು 1934ರಲ್ಲಿ ನಾರ್ವೆಯ ಫೋಲಿಂಗ್ ಎಂಬ ವೈದ್ಯರು ಗುರುತಿಸಿದರು. ಒಂದು ಜೀನಿನ ಕೊರತೆಯಿಂದ, ಆಹಾರದ ಸಸಾರಜನಕದಲ್ಲಿರುವ ಒಂದು ಅಂಶವನ್ನು ದೇಹವು ಅರಗಿಸಲಾರದೆ, ಅದು ರಕ್ತದಲ್ಲಿ ಸೇರಿ, ಮಗುವಿನ ಮೆದುಳನ್ನು ಹಾಳುಮಾಡುತ್ತದೆ. ಹುಟ್ಟುಗುಣವೆಂಬುದಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ಸಿಕ್ಕದು. ಆದರೂ 1950ರ ದಶಕದಲ್ಲಿ ವೈದ್ಯರು ಆ ಅಂಶವು ಬಹಳ ಕಡಿಮೆಯಿರುವ ಆಹಾರವನ್ನು ಹಸುಗೂಸಿನಿಂದಲೇ ಕೊಟ್ಟು ನೋಡಿದರು. ಮಕ್ಕಳು ಬುದ್ಧಿವಂತರಾಗಿಯೇ ಬೆಳೆದರು. ಜೀನು ಬದಲಾಗಲಿಲ್ಲ, ತಟ್ಟೆಯಲ್ಲಿದ್ದುದು ಬದಲಾಯಿತು, ಹಣೆಬರಹವೂ ಬದಲಾಯಿತು. ಹಾರ್ಮೋನಿನ ವಿಷಯದಲ್ಲಿಯೂ ಇಂಥದೇ ಕಥೆಯೊಂದು ನಮ್ಮ ದೇಶದ್ದು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಗಳಗಂಡವೂ ಅದರೊಡನೆ ಬರುವ ಬುದ್ಧಿಮಾಂದ್ಯವೂ ಬಹಳವಾಗಿದ್ದವು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ಅಯೊಡಿನ್ ಇಲ್ಲದೆ ಥೈರಾಯಿಡ್ ಗ್ರಂಥಿಗೆ ತನ್ನ ಹಾರ್ಮೋನನ್ನು ತಯಾರಿಸಲು ಸಾಧ್ಯವಾಗುತ್ತಿರಲಿಲ್ಲ. 1956ರಲ್ಲಿ ಆರಂಭವಾದ ಪ್ರಯೋಗದಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಅಯೊಡಿನ್ ಬೆರೆಸಿದ ಉಪ್ಪನ್ನು ಹಂಚಿಸಿದರು. ಕೆಲವೇ ವರ್ಷಗಳಲ್ಲಿ ಗಳಗಂಡವು ಗಣನೀಯವಾಗಿ ಇಳಿಯಿತು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೊಡಿನ್ ಎಂಬ ಹೆಸರನ್ನು ಕಂಡಾಗ ಈ ಕಥೆಯನ್ನು ನೆನೆಯಬೇಕು.

ಪರೋಪಕಾರವೆಂಬ ಗುಣವು ಎಲ್ಲಿಂದ ಬಂತೆಂಬುದನ್ನೂ ಹಾಲ್ಡೇನರು ಯೋಚಿಸಿದರು. ಒಬ್ಬರನ್ನು ಉಳಿಸಲು ಇನ್ನೊಬ್ಬರು ಸಾಯಲು ಸಿದ್ಧರಾಗುವ ಗುಣವು ಜೀನಿನಿಂದ ಬರುವುದಾದರೆ, ಅಂಥವರು ಬೇಗ ಸತ್ತು ಆ ಗುಣವೇ ಅಳಿದುಹೋಗಬೇಕಲ್ಲವೇ? 1955ರ ಒಂದು ಲೇಖನದಲ್ಲಿ ಅವರು ಹೀಗೆ ತರ್ಕಿಸಿದರು. ನದಿಯಲ್ಲಿ ಮುಳುಗುತ್ತಿರುವ ಮಗುವು ನಮ್ಮ ಸ್ವಂತ ಮಗುವೋ ಒಡಹುಟ್ಟೋ ಆಗಿದ್ದರೆ, ನಮ್ಮಲ್ಲಿರುವ ಅದೇ ಜೀನು ಆ ಮಗುವಿನಲ್ಲಿಯೂ ಇರುವ ಸಂಭವ ಅರ್ಧ. ಆದುದರಿಂದ ನಾವು ಸಾಯುವ ಅಪಾಯವು ಅಲ್ಪವಾಗಿದ್ದರೆ ಆ ಗುಣವು ಉಳಿದು ಬೆಳೆಯಬಲ್ಲುದು. ಸೋದರಳಿಯನಾದರೆ ಲಾಭ ಕಡಿಮೆ. ದಾಯಾದಿಯ ಮಗುವಾದರೆ ತೀರ ಕಡಿಮೆ. ಸಮಾಜಜೀವನದ ಬೇರನ್ನು ಹುಡುಕುವ ಶಾಸ್ತ್ರಕ್ಕೆ ಇದು ಬೀಜವಾಯಿತು. 1964ರಲ್ಲಿ ಹ್ಯಾಮಿಲ್ಟನ್ ಎಂಬವರು ಇದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. ಆದರೆ ಹಾಲ್ಡೇನರು ಅಲ್ಲಿಗೇ ನಿಲ್ಲಲಿಲ್ಲ. ತಾವು ಎರಡು ಬಾರಿ ನೀರಿನಿಂದ ಜನರನ್ನು ಎತ್ತಿದ್ದುದಾಗಿಯೂ, ಆ ಗಳಿಗೆಯಲ್ಲಿ ಇಂಥ ಲೆಕ್ಕ ಹಾಕಲು ತಮಗೆ ಬಿಡುವಿರಲಿಲ್ಲವೆಂದೂ ಅದೇ ಲೇಖನದಲ್ಲಿ ಸೇರಿಸಿದರು. ಗುಣದ ಮೂಲವನ್ನು ತಿಳಿಯುವುದು ಬೇರೆ, ಗುಣವಂತರಾಗಿ ನಡೆಯುವುದು ಬೇರೆ.

ಹಾಲ್ಡೇನರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರು ಮುಂಗೋಪಿಗಳು, ಅಧಿಕಾರಿಗಳೊಡನೆ ಜಗಳವಾಡದ ವರ್ಷವಿಲ್ಲವೆನ್ನಬಹುದು. 1942ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ ಅವರು, ರಷ್ಯದಲ್ಲಿ ಲೈಸೆಂಕೊ ಎಂಬವನು ಸರ್ಕಾರದ ಬಲದಿಂದ ಮೆಂಡೆಲನ ಶಾಸ್ತ್ರವನ್ನೇ ಹೊಸಕಿಹಾಕಿದಾಗ, ಬಹುಕಾಲ ಸ್ಪಷ್ಟವಾಗಿ ಖಂಡಿಸದೆ ಉಳಿದರು. ಅವರೇ ಬಲ್ಲ ಮಹಾವಿಜ್ಞಾನಿ ವಾವಿಲೋವರು 1943ರಲ್ಲಿ ಅಲ್ಲಿನ ಸೆರೆಮನೆಯಲ್ಲಿ ಮಡಿದಿದ್ದರು. 1950ರ ಸುಮಾರಿಗೆ ಹಾಲ್ಡೇನರು ಪಕ್ಷದಿಂದ ದೂರವಾದರು. ಯಾರ ಬುದ್ಧಿಯೂ ಪಕ್ಷಪಾತಕ್ಕೆ ಹೊರತಲ್ಲವೆಂಬುದನ್ನು ಅವರ ಬಾಳಿನ ಈ ಭಾಗವು ತಿಳಿಸುತ್ತದೆ. ಇದನ್ನು ಮುಚ್ಚಿಟ್ಟು ಹೊಗಳುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ.

1957ರಲ್ಲಿ ಹಾಲ್ಡೇನರು ಪತ್ನಿ ಹೆಲೆನ್ ಸ್ಪರ್ವೇ ಅವರೊಡನೆ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಸೂಯೆಜ್ ಕಾಲುವೆಯ ವಿಷಯದಲ್ಲಿ ಬ್ರಿಟನ್ ನಡೆಸಿದ ಆಕ್ರಮಣವನ್ನು ಪ್ರತಿಭಟಿಸುವುದೂ ಅವರ ಉದ್ದೇಶವಾಗಿತ್ತು. ಬಿಳಿಯ ಪಂಚೆಜುಬ್ಬಗಳನ್ನು ಧರಿಸಿದರು, ಮಾಂಸಾಹಾರವನ್ನು ತ್ಯಜಿಸಿದರು, ಇಲ್ಲಿನ ಪೌರತ್ವವನ್ನು ಪಡೆದರು. ನಮ್ಮ ಚೆನ್ನೈಯಿಂದ ಹೊರಡುವ ‘ದಿ ಹಿಂದೂ’ ಪತ್ರಿಕೆಗೆ ಸಾಮಾನ್ಯ ಓದುಗರಿಗಾಗಿ ವಿಜ್ಞಾನದ ಲೇಖನಗಳನ್ನು ಬರೆದರು. ಬೆಲೆಬಾಳುವ ಯಂತ್ರಗಳಿಲ್ಲವೆಂದು ಕೊರಗುವ ತರುಣರಿಗೆ, ಕಣ್ಣೂ ಎಣಿಕೆಯೂ ಇದ್ದರೆ ಸಂಶೋಧನೆ ಸಾಧ್ಯವೆಂದು ತೋರಿಸಿಕೊಟ್ಟರು. ಅವರ ಬಳಗದ ಡೇವಿಸ್ ಎಂಬವರು ತೆಂಗಿನ ಮರಗಳನ್ನು ಎಣಿಸಿದರು. ಕೆಲವು ತೆಂಗುಗಳಲ್ಲಿ ಗರಿಗಳು ಎಡಕ್ಕೂ ಕೆಲವುಗಳಲ್ಲಿ ಬಲಕ್ಕೂ ಸುತ್ತಿಕೊಂಡು ಏರುತ್ತವೆ. ಎಡಸುತ್ತಿನ ಮರದ ಕಾಯಿಯನ್ನು ನೆಟ್ಟರೆ ಎಡಸುತ್ತಿನ ಸಸಿಯೇ ಬರುವುದೆಂದು ಯಾರೂ ಊಹಿಸಬಹುದು. ಡೇವಿಸರು ಕಂಡಂತೆ ಆ ಗುಣವು ವಂಶವಾಗಿ ಬರುವುದೇ ಇಲ್ಲ. ಕಣ್ಣಿಗೆ ಹುಟ್ಟುಗುಣದಂತೆ ತೋರುವುದೆಲ್ಲ ಹುಟ್ಟುಗುಣವಲ್ಲವೆಂಬುದಕ್ಕೆ ನಮ್ಮ ಹಿತ್ತಿಲಿನ ತೆಂಗೇ ಸಾಕ್ಷಿ.

ದಕ್ಷಿಣ ಭಾರತದ ಇನ್ನೊಂದು ಪದ್ಧತಿಯೂ ಹಾಲ್ಡೇನರ ಗಮನವನ್ನು ಸೆಳೆಯಿತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ಕನ್ನಡ, ತೆಲುಗು, ತಮಿಳು ಮನೆಗಳಲ್ಲಿ ಹಳೆಯ ರೂಢಿ. ಇಂಥ ಮದುವೆಗಳ ಅಂಕಿಅಂಶಗಳನ್ನು ಆಂಧ್ರದಲ್ಲಿ ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಸಂಗ್ರಹಿಸಿದರು. ಮರೆಯಲ್ಲಿದ್ದ ದೋಷದ ಜೀನು ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಸೇರುವ ಸಂಭವವು ಇಂಥ ಮದುವೆಗಳಲ್ಲಿ ಹೆಚ್ಚು. ಮಾವ ಸೊಸೆಯರ ಮಗುವಿನಲ್ಲಿ ಎಂಟು ಜೀನ್‌ಜೋಡಿಗಳಲ್ಲಿ ಸರಾಸರಿ ಒಂದು, ಅತ್ತೆ ಮಾವಂದಿರ ಮಕ್ಕಳ ಮಗುವಿನಲ್ಲಿ ಹದಿನಾರರಲ್ಲಿ ಒಂದು, ಒಂದೇ ಪೂರ್ವಜರಿಂದ ಎ���ಡು ದಾರಿಯಲ್ಲಿ ಬಂದಿರುತ್ತದೆ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಮೇಲೆ ಹೇಳಿದಂಥ ಹುಟ್ಟುದೋಷಗಳಿಗಾಗಿ ಪರೀಕ್ಷಿಸಿದಾಗ, ತಂದೆತಾಯಿಗಳಲ್ಲಿ ಸುಮಾರು ಮೂರು ಜೋಡಿಗೆ ಒಂದು ರಕ್ತಸಂಬಂಧಿಗಳದೆಂದು ತಿಳಿದುಬಂದಿತು. ಅಂಥ ಮನೆಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಎಂಬುದೂ ನಿಜ, ಅಪಾಯವು ಇತರರಿಗಿಂತ ಹೆಚ್ಚೆಂಬುದೂ ನಿಜ. ಇದರಲ್ಲಿ ಯಾರನ್ನೂ ಹಳಿಯುವ ಕಾರಣವಿಲ್ಲ; ಮುಂದಿನವರು ತಿಳಿದು ನಡೆಯುವುದಕ್ಕೆ ಕಾರಣವುಂಟು.

ಹಾಲ್ಡೇನರ ಕಾಲದಿಂದ ಈಚೆಗೆ ಜ್ಞಾನವು ಬಹಳ ಬೆಳೆದಿದೆ. 2003ರಲ್ಲಿ ಮಾನವನ ಜೀನ್‌ಭಂಡಾರದ ಓದು ಮುಗಿಯಿತೆಂದು ಘೋಷಿಸಲಾಯಿತು. ಪ್ರೋಟೀನುಗಳನ್ನು ತಯಾರಿಸುವ ಜೀನುಗಳು ಸುಮಾರು 20,000 ಎಂದು ಈಗ ತಿಳಿದಿದೆ. ಸಿಡುಕಿಗೊಂದು, ಧೈರ್ಯಕ್ಕೊಂದು, ಗಣಿತಕ್ಕೊಂದು ಎಂಬಂತೆ ಜೀನುಗಳಿಲ್ಲ. ಒಂದೊಂದು ಸ್ವಭಾವದ ಹಿಂದೆಯೂ ಸಾವಿರಾರು ಜೀನುಗಳು, ಒಂದೊಂದೂ ಸಾಸಿವೆಯಷ್ಟು ಪ್ರಭಾವದವು, ಕೂಡಿ ಕೆಲಸ ಮಾಡುತ್ತವೆ. ಅವಳಿ ಮಕ್ಕಳ ಮೇಲೆ ಐವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮನುಷ್ಯಮನುಷ್ಯರ ನಡುವಣ ವ್ಯತ್ಯಾಸದಲ್ಲಿ ಸರಾಸರಿ ನೂರಕ್ಕೆ 49 ಪಾಲು ಜೀನುಗಳಿಗೆ ಸಂಬಂಧಿಸಿದ್ದೆಂದು ಕಂಡಿತು. ಇದರ ಅರ್ಥವನ್ನು ತಪ್ಪಾಗಿ ತಿಳಿಯಬಾರದು. ಇದು ಜನಸಮೂಹದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಯ ಗುಣವನ್ನು ಎರಡು ಹೋಳು ಮಾಡುವ ಕತ್ತಿಯಲ್ಲ. ನಮ್ಮ ತ್ಯಾಗರಾಯನಗರದ ವಾಣಿ ಮಹಲಿನಲ್ಲಿ ಮಾರ್ಗಶಿರದ ಕಚೇರಿಗೆ ಹೋದಾಗ, ಮೃದಂಗದ ನಾದದಲ್ಲಿ ಹಲಸಿನ ಮರದ ಪಾಲೆಷ್ಟು, ವಿದ್ವಾಂಸರ ಬೆರಳಿನ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ. ಎರಡೂ ಕೂಡಿದಾಗಲೇ ನಾದ.

ಇನ್ನೂ ಹತ್ತಿರದ ನಿದರ್ಶನವೆಂದರೆ ನಾವೇ. ಮಾತನ್ನು ಕಲಿಯುವ ಶಕ್ತಿಯು ಎಲ್ಲ ಮಕ್ಕಳಿಗೂ ಹುಟ್ಟಿನಿಂದ ಬರುತ್ತದೆ. ಯಾವ ಮಾತು ಎಂಬುದು ಬರುವುದಿಲ್ಲ. ಕನ್ನಡವು ನಮ್ಮ ಜೀನುಗಳಲ್ಲಿಲ್ಲ. ಮನೆಯಲ್ಲಿ ತಾಯಂದಿರು ಆಡಿದುದರಿಂದ, ಶಾಲೆಯಲ್ಲಿ ಗುರುಗಳು ಕಲಿಸಿದುದರಿಂದ ಅದು ನಮ್ಮದಾಗಿದೆ. ಪಾಂಡಿ ಬಜಾರಿನಲ್ಲಿ ನಾವು ತಮಿಳಿನಲ್ಲಿ ವ್ಯವಹರಿಸುವುದೂ ಕೇಳಿ ಕಲಿತುದರಿಂದಲೇ. ರಕ್ತದಿಂದ ತಾನಾಗಿ ಬರುವಂಥದಾಗಿದ್ದರೆ ನುಡಿಯನ್ನು ಕಾಪಾಡುವ ಶ್ರಮವೇ ಬೇಡವಾಗಿತ್ತು. ತಾನಾಗಿ ಬಾರದುದರಿಂದಲೇ ಪರಸ್ಥಳದಲ್ಲಿರುವ ಕನ್ನಡಿಗರಿಗೆ ಶಾಲೆ ಬೇಕು, ಪುಸ್ತಕ ಬೇಕು, ಈ ಸಂಚಿಕೆಯೂ ಬೇಕು.

1961ರಲ್ಲಿ ಹಾಲ್ಡೇನರು ಕಲ್ಕತ್ತೆಯ ಸಂಸ್ಥೆಯನ್ನು ಬಿಟ್ಟರು. 1962ರಲ್ಲಿ ಒರಿಸ್ಸಾ ಸರ್ಕಾರದ ಆಹ್ವಾನದ ಮೇರೆಗೆ ಭುವನೇಶ್ವರಕ್ಕೆ ಹೋಗಿ ಅಲ್ಲಿ ಆನುವಂಶಿಕತೆಯ ಪ್ರಯೋಗಶಾಲೆಯನ್ನು ಆರಂಭಿಸಿದರು. ಅಷ್ಟರಲ್ಲಿ ಅರ್ಬುದರೋಗವು ಅವರನ್ನು ಹಿಡಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ತಮ್ಮ ರೋಗವನ್ನು ಕುರಿತು ಒಂದು ವಿನೋದ ಕವಿತೆಯನ್ನು ಬರೆದು ಅಚ್ಚಿಗೆ ಕಳುಹಿಸಿದರು. ಹೆದರಿ ವೈದ್ಯರ ಬಳಿಗೆ ಹೋಗದಿರುವವರು ಬೇಗ ಹೋಗಲೆಂಬುದೇ ಅದರ ಆಶಯ. 1964ನೆಯ ಇಸವಿ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕಳುಹಿಸಲಾಯಿತು.

ಆನುವಂಶಿಕತೆಯ ಈ ಮಹಾಪಂಡಿತರಿಗೆ ಸ್ವಂತ ಮಕ್ಕಳಿರಲಿಲ್ಲ. ಅವರ ಜೀನುಗಳು ಯಾರಿಗೂ ದಾಟಲಿಲ್ಲ. ಆದರೆ ಅವರ ಪ್ರಶ್ನಿಸುವ ಬುದ್ಧಿಯು ಲಂಡನ್ನಿನ ಶಿಷ್ಯರಿಗೂ ಭಾರತದ ಶಿಷ್ಯರಿಗೂ, ಅವರಿಂದ ಅವರ ಶಿಷ್ಯರಿಗೂ ದಾಟಿ ಬಂದಿದೆ. ಅದು ದಾಟಿದ್ದು ಪಾಠದಿಂದ, ಪುಸ್ತಕದಿಂದ, ಜೊತೆಗೂಡಿ ಮಾಡಿದ ಕೆಲಸದಿಂದ. ಹುಟ್ಟಿನಿಂದ ನಮಗೆ ಬಂದುದೆಷ್ಟೆಂದು ನಮ್ಮನ್ನು ಯಾರೂ ಕೇಳಿ ಕೊಡಲಿಲ್ಲ. ಅದನ್ನು ಯಾವ ನೆಲದಲ್ಲಿ ಬೆಳೆಸುವೆವೆಂಬುದರಲ್ಲಿ ನಮ್ಮ ಪಾಲೂ ನಮ್ಮ ಹಿರಿಯರ ಪಾಲೂ ಇದೆ. ಹಿಂದೆ ಬಿದ್ದ ಸಹಪಾಠಿಯನ್ನು ಕಂಡಾಗ ಅವನ ಹುಟ್ಟನ್ನು ಆಡಿಕೊಳ್ಳದೆ ಅವನ ಪಕ್ಕದಲ್ಲಿ ಕುಳಿತು ಒಂದು ಲೆಕ್ಕವನ್ನು ಹೇಳಿಕೊಟ್ಟರೆ, ಈ ಮಹನೀಯರ ಚರಿತ್ರೆಯನ್ನು ನಾವು ಓದಿದುದು ಸಾರ್ಥಕವಾಗುತ್ತದೆ.